ಎರಡು ಕಣ್ಣು ಸಾಕು

ನಮಸ್ಕಾರ.

ಇಂಗ್ಲೆಂಡಿನ ಕಿಲ್ಪೆಕ್ ಚರ್ಚಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಇಸವಿಗಳು ಸರಿಯಾಗಿವೆ. ಹೆರೆಫರ್ಡ್‌ಶೈರ್‌ನ ಒಂದು ಪುಟ್ಟ ಹಳ್ಳಿಯ ಚರ್ಚಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿತಲ್ಲ, ಸಂತೋಷ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ.

ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: 'ಅಷ್ಟರಲ್ಲಿ ಮಳೆ ಬಂತು. ದಕ್ಷಿಣದ ಬಾಗಿಲಿಗೆ ಒತ್ತಿಕೊಂಡು ಅರ್ಧ ಗಂಟೆ ನಿಂತೆವು. ಮಳೆ ನಿಂತ ಮೇಲೆ ಹೊರಟೆವು.' ಓದಿ ನನಗೆ ಹೊಟ್ಟೆ ಉರಿಯಿತು. ನಾನು ಕಿಲ್ಪೆಕ್‌ಗೆ ಹೋದವನಲ್ಲ. ಓದಿ, ಫೋಟೋ ನೋಡಿ ತಿಳಿದದ್ದಷ್ಟೇ. ಆ ಬಾಗಿಲಿನ ಎಡಗಂಬದಲ್ಲಿ ಇಬ್ಬರು ಯೋಧರಿದ್ದಾರೆ, ಒಬ್ಬನ ಮೇಲೊಬ್ಬ, ಬಳ್ಳಿಯೊಳಗೆ ಸಿಕ್ಕಿಕೊಂಡು. ಚೂಪು ಟೋಪಿ, ನಮ್ಮ ಪೈಜಾಮದಂಥ ಸಡಿಲ ಉಡುಪು. ಪಕ್ಕದಲ್ಲಿ ಬಾಯಿಗೆ ಬಾಲ ಸಿಕ್ಕಿಸಿಕೊಂಡ ಹಾವುಗಳು. ನೆತ್ತಿಯ ಅರ್ಧಚಂದ್ರದ ಕಲ್ಲಿನಲ್ಲಿ ಜೀವವೃಕ್ಷ. ಇಷ್ಟೂ ಅರ್ಧ ಗಂಟೆ ನಿಮ್ಮ ಕೈಗೆಟುಕುವಷ್ಟು ಹತ್ತಿರ ಇದ್ದವು. ಲೇಖನದಲ್ಲಿ ಒಂದೂ ಇಲ್ಲ. ಅವುಗಳ ಜಾಗದಲ್ಲಿ ಏನಿದೆ ನೋಡಿ.

'ಇದು ಕಲ್ಲಿನಲ್ಲಿ ಅರಳಿದ ಕಾವ್ಯ.' ಈ ಮಾತನ್ನು ಹಂಪಿಗೂ ಬರೆಯಬಹುದು, ತಾಜ್‌ಮಹಲಿಗೂ ಬರೆಯಬಹುದು. ಕಿಲ್ಪೆಕ್‌ನ ಕಲ್ಲು ಯಾವುದು? ಕೆಂಪು ಮರಳುಗಲ್ಲು. ಅದನ್ನಾದರೂ ಹೇಳಬಹುದಿತ್ತು ಅಲ್ವಾ?

'ಸೂರಿನ ಸುತ್ತ ಪ್ರಾಣಿ, ಪಕ್ಷಿ, ಮನುಷ್ಯರ ನಾನಾ ಬಗೆಯ ಕೆತ್ತನೆಗಳಿವೆ.' ನಾನಾ ಬಗೆ ಅಂದರೆ ಯಾವ ಬಗೆ? ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿದ ಆ ಕಲ್ಲುಗಳಲ್ಲಿ 85 ಇವತ್ತಿಗೂ ಉಳಿದಿವೆ. ಒಂದರಲ್ಲಿ ನಾಯಿ, ಮೊಲ ಅಕ್ಕಪಕ್ಕ ಕೂತಿವೆ. ನಾಯಿಯ ಕಿವಿ ಜೋತುಬಿದ್ದಿದೆ, ಎರಡರ ಕಣ್ಣೂ ಗುಂಡಗಿವೆ. ಬೇಟೆನಾಯಿಯೂ ಅದರ ಬೇಟೆಯೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಇನ್ನೊಂದರಲ್ಲಿ ಒಬ್ಬ ವಾದ್ಯ ನುಡಿಸುತ್ತಿದ್ದಾನೆ. ನೀವು 'ಕೆಲವು ಮುಜುಗರದ ಶಿಲ್ಪಗಳೂ ಇವೆ' ಅಂತ ದಾಟಿಸಿಬಿಟ್ಟದ್ದು ಶೀಲಾ ನಾ ಗಿಗ್. ಎರಡೂ ಕೈಯಿಂದ ತನ್ನ ಯೋನಿಯನ್ನು ಅಗಲಿಸಿ ತೋರಿಸುವ ಹೆಂಗಸು. ಕಾಮದ ವಿರುದ್ಧ ಎಚ್ಚರಿಕೆ ಅದು ಅನ್ನುವವರಿದ್ದಾರೆ. ಕೆಟ್ಟದ್ದು ಒಳಗೆ ಬರದಿರಲಿ ಅಂತ ಇಟ್ಟದ್ದು ಅನ್ನುವವರೂ ಇದ್ದಾರೆ. ಚರ್ಚ್ ಕಟ್ಟಿದವರಿಗೆ ಇಲ್ಲದ ಮುಜುಗರ ನಮಗೇಕೆ? ನೇರವಾಗಿ ಬರೆಯಿರಿ.

'ಇದನ್ನು ಇಂಗ್ಲೆಂಡಿನ ಬೇಲೂರು ಎಂದರೆ ತಪ್ಪಾಗಲಾರದು.' ತಪ್ಪಾಗುತ್ತದೆ. ಹೋಲಿಸಬೇಡಿ ಅನ್ನುತ್ತಿಲ್ಲ, ಹೋಲಿಸಿ ಸುಮ್ನೆ ಬಿಟ್ಟುಬಿಟ್ಟಿರಿ ಅನ್ನೋದೇ ನನ್ನ ಬೇಸರ. ಬೇಲೂರಿನ ಚೆನ್ನಕೇಶವ 1117ರದು, ಕಿಲ್ಪೆಕ್ ಸುಮಾರು 1140ರದು. ಅಂದರೆ ಹೆಚ್ಚುಕಮ್ಮಿ ಒಂದೇ ತಲೆಮಾರಿನಲ್ಲಿ ಅಲ್ಲೂ ಇಲ್ಲೂ ಉಳಿಯ ಸದ್ದು ಕೇಳುತ್ತಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿ ಹೋದರು. ಕಿಲ್ಪೆಕ್‌ನಲ್ಲಿ ಕೆತ್ತಿದವರ ಒಂದು ಹೆಸರೂ ಗೊತ್ತಿಲ್ಲ. ಹೆರೆಫರ್ಡ್‌ಶೈರ್ ಪಂಥ ಅಂತ ಕರೆಯುತ್ತಾರೆ, ಅಷ್ಟೇ. ಅವರೇ ಕೆಲಸ ಮಾಡಿದ್ದ ಷಾಬ್ಡನ್ ಚರ್ಚನ್ನು 18ನೇ ಶತಮಾನದಲ್ಲಿ ಕೆಡವಿದರು. ಅದರ ಕಮಾನುಗಳನ್ನು ಒಯ್ದು ಅಂದಕ್ಕೆಂದು ಬಯಲಲ್ಲಿ ನಿಲ್ಲಿಸಿದರು. ಮಳೆ ಗಾಳಿಗೆ ಆ ಕೆತ್ತನೆ ಸವೆದುಹೋಗಿದೆ. ಕಿಲ್ಪೆಕ್‌ನದು ಮಾತ್ರ ಇನ್ನೂ ಚೂಪಾಗಿದೆ. ಬೇಲೂರನ್ನು ಕರೆತರುವುದಾದರೆ ಈ ಕೆಲಸಕ್ಕೆ ಕರೆತನ್ನಿ.

ಕೊನೆಯ ಸಾಲು: 'ಈ ಸೌಂದರ್ಯ ಸವಿಯಲು ಎರಡು ಕಣ್ಣು ಸಾಲದು.' ಇದು ನನಗೆ ಹಳೇ ಗಾಯ. ನನಗಾಗ ಇಪ್ಪತ್ತನಾಲ್ಕು. ಹೊಯ್ಸಳರ ಕಾಲದ ಒಂದು ಸಣ್ಣ ಗುಡಿಯ ಮೇಲೆ ಏಳು ಪುಟ ಬರೆದು, ಇದೇ ಮಾತಿನಿಂದ ಮುಗಿಸಿದ್ದೆ. ನಮ್ಮ ಹಿರಿಯ ಸಂಪಾದಕರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು, 'ನಿನಗಿರೋದೇ ಎರಡು. ಅದಕ್ಕೆ ಏನು ಕಂಡಿತು ಹೇಳಪ್ಪ' ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮುಂದಿನ ಭಾನುವಾರ ಮತ್ತೆ ಬಸ್ಸು ಹತ್ತಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ಗುಡಿಯ ಸುತ್ತ ಕೂತೆ, ನಡೆದೆ, ಮತ್ತೆ ಕೂತೆ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು. ಹಿಂಬದಿಯ ಮೂಲೆಯಲ್ಲಿ ಒಂದು ಆನೆಗೆ ಸೊಂಡಿಲು ಮಾತ್ರ ಇತ್ತು. ಮೈ ಇನ್ನೂ ಕಲ್ಲಾಗಿಯೇ ಉಳಿದಿತ್ತು, ಮೇಲೆ ಉಳಿಯ ಗೀರುಗಳು. ಎಂಟು ನೂರು ವರ್ಷದ ಹಿಂದೆ ಯಾರೋ ಅಲ್ಲಿ ಕೆಲಸ ನಿಲ್ಲಿಸಿ ಎದ್ದುಹೋಗಿದ್ದರು. ಮೊದಲ ಸಲ ನಾನು ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟಿದ್ದೆ. ವಾಪಸ್ ಬಂದು ಆ ಆನೆಯ ಬಗ್ಗೆ ಒಂದು ಪ್ಯಾರಾ ಬರೆದುಕೊಟ್ಟೆ. ಅವರು ಏಳು ಪುಟ ಬದಿಗಿಟ್ಟು ಅದೊಂದನ್ನೇ ಅಚ್ಚು ಹಾಕಿದರು. ಆ ಪುಟ ಈಗಲೂ ನನ್ನ ಬಳಿ ಇದೆ.

ಚರಿತ್ರೆಯ ಭಾಗದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಚರ್ಚಿನ ಪಕ್ಕದ ಕೋಟೆ ದಿಬ್ಬ, ವೇಲ್ಸ್‌ನ ಸಂತ ಡೇವಿಡ್‌ನ ಹೆಸರೂ ಸೇರಿರುವ ಗಡಿನಾಡಿನ ವಿಷಯ, ಎಲ್ಲ ಇದ್ದ ಹಾಗೇ ಇರಲಿ.

ನಿಮ್ಮ ಊರಿನಿಂದ ಕಾರಿನಲ್ಲಿ ಎರಡು ಗಂಟೆ ಅಂತ ಬರೆದಿದ್ದೀರಿ. ಇನ್ನೊಮ್ಮೆ ಹೋಗಿಬನ್ನಿ. ಬೈನಾಕ್ಯುಲರ್ ಒಯ್ಯಿರಿ, ಸೂರು ಎತ್ತರದಲ್ಲಿದೆ. ಪಶ್ಚಿಮದ ಗೋಡೆಯಿಂದ ಹೊರಚಾಚಿದ ಡ್ರ್ಯಾಗನ್ ತಲೆಗಳಿವೆ, ಬಾಯಿ ತೆರೆದುಕೊಂಡು. ಅವುಗಳ ಬಾಯೊಳಗೆ ನಾಲಿಗೆ ಹೇಗೆ ಸುರುಳಿಯಾಗಿದೆ, ನೋಡಿ ಬರೆಯಿರಿ. ಫೋಟೋದಲ್ಲಿ ನನಗೆ ಅದು ಸರಿಯಾಗಿ ಕಾಣಿಸಲಿಲ್ಲ.