ತಂಡ ಬಿಟ್ಟವರು ಸಂಗೀತ ಬಿಟ್ಟವರಲ್ಲ

ಮಾನ್ಯ ಸಂಪಾದಕರೇ,

ಕಾಲೇಜು ಮುಗಿಸಿದ ದಿನಗಳಿಂದ ಗೆಳೆಯರೊಂದಿಗೆ ಕಟ್ಟಿಕೊಂಡ ಹವ್ಯಾಸಿ ಬ್ಯಾಂಡಿನಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ವಾರಕ್ಕೆ ಎರಡು ಸಂಜೆ ತಾಲೀಮು, ವಾರಾಂತ್ಯಗಳಲ್ಲಿ ಆಗಾಗ ಕಾರ್ಯಕ್ರಮ. ಈಗ ಮಗಳಿಗೆ ಆರು ವರ್ಷ. ಅವಳು ಎಚ್ಚರವಿರುವ ಹೊತ್ತಿನಲ್ಲಿ ನಾನು ಮನೆಯಲ್ಲಿರುವುದೇ ಅಪರೂಪವಾಗಿತ್ತು. ಕಳೆದ ವರ್ಷದ ಕೊನೆಯಲ್ಲಿ ನಮ್ಮ ವಾಟ್ಸ್ಯಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಹೊರಬಂದೆ. ಗೆಳೆಯನೊಬ್ಬ, ‘ಸಂಸಾರಕ್ಕೆ ಸಂಗೀತವನ್ನು ಬಲಿಕೊಟ್ಟೆ’ ಎಂದು ಉತ್ತರಿಸಿದ. ಆ ಮಾತು ಇನ್ನೂ ಚುಚ್ಚುತ್ತಿದೆ. ಮೊನ್ನೆ ಮಗಳ ಒತ್ತಾಯಕ್ಕೆ ಗಿಟಾರನ್ನು ಹೊರತೆಗೆದು, ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಇಲ್ಲದೆ, ಗಿಟಾರಿನ ತಲೆಯನ್ನು ಮರದ ಬೀರುವಿಗೆ ಒತ್ತಿಹಿಡಿದು ನುಡಿಸಿದೆ. ಬೀರುವೆಲ್ಲ ಗುಂಯ್‌ಗುಟ್ಟಿತು. ಅವಳು ಬೀರುವಿನ ಬಾಗಿಲಿಗೆ ಕಿವಿ ಹಚ್ಚಿ ಕುಳಿತುಬಿಟ್ಟಳು. ಎಷ್ಟೋ ಕಾರ್ಯಕ್ರಮಗಳಲ್ಲಿ ಸಿಗದ ಸಂತೋಷ ಅಂದು ಸಿಕ್ಕಿತು. ಆದರೂ ಕೇಳುತ್ತೇನೆ: ವೇದಿಕೆಯೂ ಜೊತೆಗಾರರೂ ಇಲ್ಲದ ಸಂಗೀತ ಸಂಗೀತವೇ? ನಾನು ಸೋತು ಬಂದವನೇ? ಆಂಪನ್ನು ಮಾರಿಬಿಡಲೇ?

— ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ಸೋತು ಬಂದವರಲ್ಲ. ಬರಿಯ ಸಮಾಧಾನಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಸಂಗೀತದ ಮೂಲನೆಲೆ ಮನೆಯೆಂದೂ, ವೇದಿಕೆ ಅದರ ಒಂದು ವಿಸ್ತರಣೆಯೆಂದೂ ಬಹಳ ಕಾಲದಿಂದ ನಂಬಿರುವವನು ನಾನು. ಆ ನಂಬಿಕೆಯನ್ನು ಬಿಡಿಸಿ ಬರೆಯಲು ನಿಮ್ಮ ಪತ್ರ ಅವಕಾಶ ಒದಗಿಸಿದೆಯಾದ್ದರಿಂದ ಉತ್ತರ ಕೊಂಚ ದೀರ್ಘವಾದೀತು.

ನಿಮ್ಮ ಗೆಳೆಯರ ನೋವಿಗೆ ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. ಡ್ರಮ್ಸ್ ನುಡಿಸುವವರ ಪೆಟ್ಟೂ ಬೇಸ್ ನುಡಿಸುವವರ ಸ್ವರವೂ ಒಂದೇ ಕ್ಷಣದಲ್ಲಿ ಕೂಡಿಬಿದ್ದಾಗ ಆಗುವ ಆನಂದ ಒಬ್ಬಂಟಿಯಾಗಿ ದೊರೆಯುವಂಥದ್ದಲ್ಲ, ಮತ್ತು ಹವ್ಯಾಸಿ ತಂಡದಲ್ಲಿ ಒಬ್ಬರು ಹೊರನಡೆದರೆ ಉಳಿದವರು ಕಷ್ಟಪಟ್ಟು ಕೂಡಿಸಿಕೊಂಡ ಹಾಡುಗಳೆಲ್ಲ ಒಮ್ಮೆಲೇ ಪೊಳ್ಳಾಗುತ್ತವೆ. ಅವರು ಬೇಸರಪಟ್ಟುಕೊಳ್ಳಲಿ. ಆದರೆ ‘ಸಂಗೀತವನ್ನು ಬಲಿಕೊಟ್ಟೆ’ ಎನ್ನುವ ಅಧಿಕಾರ ಅವರಿಗಿಲ್ಲ.

ಏಕೆಂದರೆ ಆ ಮಾತಿನೊಳಗೆ, ಸಂಗೀತವಿರುವುದು ತಂಡದಲ್ಲಿ ಮಾತ್ರ ಎಂಬ ತೀರ್ಮಾನ ಅಡಗಿದೆ. ತಾಲೀಮಿನ ಒಂದು ಸಂಜೆಯನ್ನು ನೀವೇ ನೆನಪಿಸಿಕೊಂಡು ನೋಡಿ. ಆಂಪನ್ನು ಮೆಟ್ಟಿಲ ಮೇಲೆ ಹೊತ್ತು ತರಬೇಕು. ಯಾವ ಕೇಬಲ್ಲಿನಿಂದ ಗೊರ್ರೆನ್ನುವ ಸದ್ದು ಬರುತ್ತಿದೆಯೆಂದು ಒಂದೊಂದನ್ನೇ ಕಿತ್ತು ನೋಡಬೇಕು. ತಡವಾಗಿ ಬರುವವರಿಗಾಗಿ ಕಾಯಬೇಕು. ಮುಂದಿನ ಕಾರ್ಯಕ್ರಮದಲ್ಲಿ ಯಾವ ಹಾಡು ಮೊದಲು ಎಂಬ ವಾದ ಮುಗಿಯಬೇಕು. ಕಡೆಗೂ ನುಡಿಸತೊಡಗಿದಾಗ, ಸಣ್ಣ ಕೋಣೆಯಲ್ಲಿ ಡ್ರಮ್ಸಿನ ಸದ್ದನ್ನು ಮೀರಲು ಗಿಟಾರಿನವರು ದನಿ ಏರಿಸುತ್ತಾರೆ, ಅದನ್ನು ಮೀರಲು ಹಾಡುವವರು ಕಿರುಚುತ್ತಾರೆ, ನೀವೂ ಏರಿಸುತ್ತೀರಿ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 8 ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬಲ್. ಮುಂದೆ ಪ್ರತಿ 3 ಡೆಸಿಬಲ್ ಏರಿದಂತೆ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತ ಹೋಗಿ, 100 ಡೆಸಿಬಲ್ಲಿಗೆ ಅದು ಕೇವಲ 15 ನಿಮಿಷವಾಗುತ್ತದೆ. ಮುಚ್ಚಿದ ಕೋಣೆಯ ತಾಲೀಮಿನಲ್ಲಿ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಇಂಥ ಸಂಜೆಗಳಲ್ಲಿ ನಿಮ್ಮ ಕಿವಿಗೆ ಸಂಗೀತವಾಗಿ ದಕ್ಕಿದ್ದು ಎಷ್ಟು ಹೊತ್ತಿನದು ಎಂಬುದನ್ನು ಲೆಕ್ಕ ಹಾಕಿದವರು ಬಲಿ, ತ್ಯಾಗ ಎಂಬ ದೊಡ್ಡ ಮಾತುಗಳನ್ನು ಇಷ್ಟು ಸುಲಭವಾಗಿ ಆಡಲಾರರು.

ಮನೆಯ ಸಂಗೀತವೆಂದರೆ ಕಡಿಮೆ ದರ್ಜೆಯದು ಎಂದು ಭಾವಿಸುವವರಿಗೆ ನಾನು ಮೊದಲು ಹೇಳುವುದು ವಿಯೆನ್ನಾದ ಒಬ್ಬ ಶಾಲಾ ಉಪಾಧ್ಯಾಯರ ಮನೆಯ ಕಥೆ. ತಂದೆ ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊ ಹಿಡಿಯುತ್ತಿದ್ದರು, ಹಿರಿಯ ಮಕ್ಕಳಾದ ಇಗ್ನಾಜ್ ಮತ್ತು ಫರ್ಡಿನೆಂಡ್ ಪಿಟೀಲು ನುಡಿಸುತ್ತಿದ್ದರು, ಕಿರಿಯವನಾದ ಫ್ರಾನ್ಜ್ ಪಿಟೀಲಿಗಿಂತ ಕೊಂಚ ದೊಡ್ಡದಾದ ವಿಯೋಲಾ ನುಡಿಸುತ್ತಿದ್ದ. ತಂದೆ ತಪ್ಪು ನುಡಿಸಿದರೆ ಹುಡುಗ ಮೊದಲ ಸಲ ಸುಮ್ಮನಿರುತ್ತಿದ್ದನಂತೆ. ಅದೇ ತಪ್ಪು ಮತ್ತೆ ಬಂದರೆ, ಇಲ್ಲೇನೋ ಹೆಚ್ಚುಕಡಿಮೆಯಾಗಿರಬೇಕು ಎಂದು ನಗುತ್ತ ಸೂಚಿಸುತ್ತಿದ್ದನಂತೆ. ಆ ಹುಡುಗನೇ ಮುಂದೆ ಜಗತ್ತು ಕೊಂಡಾಡಿದ ಸಂಗೀತ ರಚನೆಕಾರ ಫ್ರಾನ್ಜ್ ಶೂಬರ್ಟ್. ಅವನ ಮೊದಮೊದಲ ಕ್ವಾರ್ಟೆಟ್‌ಗಳು (ನಾಲ್ಕು ವಾದ್ಯಗಳ ಕೃತಿಗಳು) ಹುಟ್ಟಿದ್ದು ಈ ಮನೆಯ ನಾಲ್ವರಿಗಾಗಿ. ಕೂಟ ಬೆಳೆದು, ಪರಿಚಿತರ ಮನೆಗಳಿಗೆ ಸ್ಥಳಾಂತರಗೊಂಡು, ಸಣ್ಣದೊಂದು ಹವ್ಯಾಸಿ ವಾದ್ಯವೃಂದವೇ ಆಯಿತು. ಅವನು 1816ರಲ್ಲಿ ರಚಿಸಿದ ಐದನೆಯ ಸಿಂಫನಿಯನ್ನು (ವಾದ್ಯವೃಂದದ ದೊಡ್ಡ ಕೃತಿಯನ್ನು) ಮೊದಲು ನುಡಿಸಿದ್ದು ಅಂಥ ಮನೆಕೂಟದಲ್ಲಿಯೇ. ಅದರಲ್ಲಿ ತುತ್ತೂರಿಯಿಲ್ಲ, ಟಿಂಪನಿ ಎಂಬ ನಗಾರಿಯಿಲ್ಲ, ಕ್ಲಾರಿನೆಟ್ ಕೂಡ ಇಲ್ಲ. ಸಾರ್ವಜನಿಕರು ಅದನ್ನು ಕೇಳಿದ್ದು 1841ರಲ್ಲಿ, ಅಂದರೆ ಶೂಬರ್ಟ್ ತೀರಿಕೊಂಡ 13 ವರ್ಷಗಳ ಮೇಲೆ. ಇಂದು ಬೃಹತ್ ಸಭಾಂಗಣಗಳಲ್ಲಿ ಟಿಕೆಟ್ ಕೊಂಡು ಕೇಳುವ ಒಂದು ಕೃತಿ ಕಾಲು ಶತಮಾನ ಕಾಲ ಮನೆಮಂದಿಯ, ಸ್ನೇಹಿತರ ಸ್ವತ್ತಾಗಿತ್ತು. ಆ ಅವಧಿಯಲ್ಲಿ ಅದು ಸಂಗೀತವಾಗಿರಲಿಲ್ಲ ಎಂದು ನಿಮ್ಮ ಗೆಳೆಯರು ಹೇಳುವರೇ?

ನಿಮಗೆ ಇನ್ನೂ ಹತ್ತಿರದ ಕಥೆಯೊಂದಿದೆ. ಅಮೆರಿಕದ ಡ್ಯಾನ್‌ಬರಿ ಎಂಬ ಊರಿನಲ್ಲಿ ಬ್ಯಾಂಡ್ ನಡೆಸುತ್ತಿದ್ದ ಜಾರ್ಜ್ ಐವ್ಸ್ ಮನೆಯಲ್ಲಿ ಮಕ್ಕಳೊಂದಿಗೆ ಒಂದು ವಿಚಿತ್ರವಾದ ಆಟ ಆಡಿಸುತ್ತಿದ್ದರು: ಮಕ್ಕಳು ಒಂದು ಶ್ರುತಿಯಲ್ಲಿ ಹಾಡಬೇಕು, ಪಕ್ಕವಾದ್ಯ ಬೇರೆಯೇ ಶ್ರುತಿಯಲ್ಲಿ ನಡೆಯಬೇಕು. ಕಿವಿ ಗಟ್ಟಿಯಾಗಲಿ, ಸದ್ದಿಗೆ ಹೆದರದಿರಲಿ ಎಂಬುದು ಅವರ ಉದ್ದೇಶ. 1874ರಲ್ಲಿ ಹುಟ್ಟಿದ, ಮುಂದೆ ಸಂಗೀತ ರಚನೆಕಾರರೆನಿಸಿದ ಮಗ ಚಾರ್ಲ್ಸ್ ನ್ಯೂಯಾರ್ಕಿನ ಚರ್ಚೊಂದರಲ್ಲಿ ಆರ್ಗನ್ ನುಡಿಸುವ ಹುದ್ದೆಯಲ್ಲಿದ್ದವರು 1902ರಲ್ಲಿ ಅದನ್ನು ಬಿಟ್ಟರು, ವಿಮಾ ವ್ಯವಹಾರದಲ್ಲಿ ದುಡಿದರು, ಸಂಸಾರ ಹೂಡಿದರು. ಹೆಂಡತಿ ಮಕ್ಕಳಿರುವವನು ತನ್ನ ಅಪಸ್ವರಗಳ ಸಲುವಾಗಿ ಅವರನ್ನು ಉಪವಾಸ ಕೆಡಹುವುದು ಹೇಗೆ ಎಂದು ಅವರು ಕೇಳಿದ್ದುಂಟು. ಅವರ ಮುಖ್ಯ ಕೃತಿಗಳಲ್ಲಿ ಬಹುಪಾಲು ಆ ರಾಜೀನಾಮೆಯ ನಂತರ, ಕಚೇರಿ ಮುಗಿದ ಸಂಜೆಗಳಲ್ಲಿ ಮತ್ತು ವಾರಾಂತ್ಯಗಳಲ್ಲಿ ಬರೆದವು. ಮೂರನೆಯ ಸಿಂಫನಿ ಹಲವು ದಶಕ ಬರಿಯ ಹಾಳೆಯಾಗಿಯೇ ಇದ್ದು, 1946ರಲ್ಲಿ ಮೊದಲ ಬಾರಿಗೆ ವೇದಿಕೆಯೇರಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯ ಕಾರಣದಿಂದ ಈ ಕಥೆ ಹೇಳುತ್ತಿಲ್ಲ. ನನ್ನ ಗಮನವೆಲ್ಲ ಆ ತಂದೆಯ ಮೇಲಿದೆ. ಊರಿನ ಮುಂದೆ ಬ್ಯಾಂಡ್ ನುಡಿಸಿದ ಮನುಷ್ಯ ಮಗನ ಕಿವಿಯನ್ನು ತಿದ್ದಿದ್ದು ಮನೆಯ ಆಟದಲ್ಲಿ. ನಿಮ್ಮ ಮಗಳು ಬೀರುವಿನ ಬಾಗಿಲಿಗೆ ಕಿವಿ ಹಚ್ಚಿದಾಗ ನಡೆದದ್ದೂ ಅದೇ: ತಂತಿಯ ಕಂಪನ ಮರಕ್ಕಿಳಿದು ಮರವೇ ದನಿಯಾಗುತ್ತದೆ ಎಂಬುದನ್ನು ಯಾವ ಪಾಠವೂ ಇಲ್ಲದೆ ಅವಳು ಕಂಡುಕೊಂಡಳು.

ಜೊತೆಗಾರರಿಲ್ಲದ ಬೇಸ್ ಗಿಟಾರ್ ಅಪೂರ್ಣ ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ಅದು ಸಹಜ, ಏಕೆಂದರೆ ತಂಡದಲ್ಲಿ ನಿಮ್ಮ ಕೆಲಸ ಇತರರ ಹಾಡಿಗೆ ತಳಪಾಯ ಹಾಕುವುದಾಗಿತ್ತು. ಆದರೆ ಆ ಕೆಲಸ ತಂಡ ನಿಮಗೆ ವಹಿಸಿದ್ದು. ಅದನ್ನೇ ವಾದ್ಯದ ಮಿತಿಯೆಂದು ತಿಳಿಯಬೇಡಿ. ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 13 ವರ್ಷದ ಹುಡುಗನಾಗಿದ್ದಾಗ ತಂದೆಯ ಜೊತೆ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಹಳೆಯ ಸ್ವರಲಿಪಿಗಳನ್ನು ತಡಕಾಡುತ್ತಿದ್ದಾಗ ಅವರ ಕೈಗೆ ಬಾಖ್ ರಚಿಸಿದ ಒಂಟಿ ಚೆಲ್ಲೊವಿನ ಆರು ಸ್ವೀಟ್‌ಗಳು (ಹಲವು ಚಿಕ್ಕ ಭಾಗಗಳನ್ನು ಪೋಣಿಸಿದ ಕೃತಿಗಳು) ಸಿಕ್ಕವು. ಅವನ್ನು ಸುಮಾರು 12 ವರ್ಷ ತಮ್ಮಷ್ಟಕ್ಕೆ ಅಭ್ಯಾಸ ಮಾಡಿದ ಮೇಲಷ್ಟೇ ಅವರು ಅದರಲ್ಲೊಂದನ್ನು ಜನರ ಮುಂದೆ ನುಡಿಸುವ ಧೈರ್ಯ ಮಾಡಿದರು. ಬೇಸ್ ಗಿಟಾರಿನವರು ಈ ಸ್ವೀಟ್‌ಗಳನ್ನು ತಮ್ಮ ವಾದ್ಯಕ್ಕೆ ಹೊಂದಿಸಿಕೊಂಡು ಅಭ್ಯಾಸ ಮಾಡುವುದುಂಟು. ಮೊದಲನೆಯದರ ಆರಂಭದ ಭಾಗವನ್ನು ನಿಧಾನವಾಗಿ ಹಿಡಿದು ನೋಡಿ. ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತದೆ, ಆದರೂ ಕೆಳಗಿನ ಸ್ವರ ಕಿವಿಯಲ್ಲಿ ಉಳಿದುಕೊಂಡು ಮೇಲಿನ ಸ್ವರಗಳಿಗೆ ತಾನೇ ಜೊತೆಯಾಗುತ್ತದೆ. ಇಷ್ಟು ವರ್ಷ ತಳಪಾಯ ಹಾಕಿದ ನಿಮ್ಮ ಬೆರಳುಗಳಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾದೀತು.

ವೇದಿಕೆ ಬಿಟ್ಟ ವೃತ್ತಿಪರರ ಮಾತನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ; ಅವರ ಕಾರಣಗಳು ಬೇರೆ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ಬೀಟಲ್ಸ್ ತಂಡದವರು 1966ರಲ್ಲಿ ಸಭಿಕರ ಮುಂದೆ ನುಡಿಸುವುದನ್ನು ನಿಲ್ಲಿಸಿ ಸ್ಟುಡಿಯೋ ಸೇರಿದರು. ಸಿತಾರಿನ ಜಾತಿಯ ಸುರ್‌ಬಹಾರ್ ವಾದ್ಯದ ವಾದಕಿ ಅನ್ನಪೂರ್ಣಾ ದೇವಿಯವರು ಸಾರ್ವಜನಿಕ ಕಛೇರಿಗಳಿಂದ ದೂರ ಸರಿದು, 2018ರಲ್ಲಿ ತೀರಿಕೊಳ್ಳುವವರೆಗೂ ಬಹುತೇಕ ಮನೆಯೊಳಗೇ ಉಳಿದರು. ನಿಖಿಲ್ ಬ್ಯಾನರ್ಜಿ, ಹರಿಪ್ರಸಾದ್ ಚೌರಾಸಿಯಾ ಅವರಂಥವರು ಅವರಲ್ಲಿ ಕಲಿತರು. ವೇದಿಕೆ ಬಿಟ್ಟ ಇವರು ಸಂಗೀತ ಬಿಟ್ಟರೆಂದು ಯಾರೂ ಹೇಳಲಿಲ್ಲ. ಇಷ್ಟು ದೊಡ್ಡವರಿಗೆ ಸಲ್ಲುವ ಈ ವಿವೇಚನೆ ಹವ್ಯಾಸಿಗಳಿಗೆ ಏಕೆ ಸಲ್ಲುವುದಿಲ್ಲ?

ನನ್ನ ನಿಜವಾದ ಅಸಮಾಧಾನ ಇರುವುದು ಇಲ್ಲಿ. ಸಂಗೀತಕ್ಕೆ ವೇದಿಕೆಯೊಂದೇ ಸಾಕ್ಷಿ ಎಂದು ನಾವೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದೇವೆ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ರೂಪಿಸುವವರೆಗೆ ಮನೆಯಲ್ಲಿ ಸಂಗೀತ ಬೇಕೆಂದರೆ ಸಾಮಾನ್ಯವಾಗಿ ಅಲ್ಲಿದ್ದವರೇ ಹಾಡಬೇಕಿತ್ತು, ಇಲ್ಲವೇ ನುಡಿಸಬೇಕಿತ್ತು. ಯಂತ್ರವನ್ನು ನಾನು ದೂರುವುದಿಲ್ಲ. ಅದು ಇಲ್ಲದಿದ್ದರೆ ನನ್ನಂಥವರು ಕಸಾಲ್ಸರನ್ನು ಕೇಳುತ್ತಿರಲಿಲ್ಲ. ಆದರೆ ಶ್ರೇಷ್ಠರ ದನಿ ಇಪ್ಪತ್ತನಾಲ್ಕು ಗಂಟೆಯೂ ಕೈಗೆಟಕುವಂತಾದಾಗ ಸಾಮಾನ್ಯರ ದನಿ ನಾಚಿಕೊಂಡು ಹಿಂದೆ ಸರಿಯಿತು. ಕೆಲಸ ಮಾಡುತ್ತ ಗುನುಗುವ ಹಿರಿಯರು ಯಾರಾದರೂ ಒಳಗೆ ಬಂದರೆ ಸಟ್ಟನೆ ನಿಲ್ಲಿಸಿ, ಸುಮ್ಮನೆ ಹಾಡಿಕೊಳ್ಳುತ್ತಿದ್ದೆ ಎಂದು ಕ್ಷಮೆ ಕೇಳುವವರಂತೆ ಹೇಳುತ್ತಾರೆ. ಮಗು ಎರಡು ಹಾಡು ಕಲಿಯುವಷ್ಟರಲ್ಲಿ, ಯಾವಾಗ ಕಾರ್ಯಕ್ರಮ, ಯಾವ ಸ್ಪರ್ಧೆ ಎಂಬ ಪ್ರಶ್ನೆಗಳು ಶುರುವಾಗುತ್ತವೆ. ಆ ಮಗುವಿಗೆ ತನ್ನ ತಂದೆ ತಾಯಿಯ ಮುಖಕ್ಕಿಂತ ಅವರು ಎತ್ತಿಹಿಡಿದ ಫೋನಿನ ಬೆನ್ನೇ ಹೆಚ್ಚು ಕಾಣಿಸುತ್ತದೆ. ಇಪ್ಪತ್ತರ ಹೊತ್ತಿಗೆ ವೇದಿಕೆ ದಕ್ಕದವರು ವಾದ್ಯವನ್ನು ಅಟ್ಟಕ್ಕೇರಿಸಿಬಿಡುತ್ತಾರೆ, ಏಕೆಂದರೆ ವೇದಿಕೆಯಿಲ್ಲದೆಯೂ ನುಡಿಸಬಹುದೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಪತ್ರಿಕೆಗಳ ಪಾಲೂ ಇದರಲ್ಲಿದೆ. ಕಛೇರಿಯ ವಿಮರ್ಶೆಗೆ, ಪ್ರಶಸ್ತಿಯ ಸುದ್ದಿಗೆ ಅಂಕಣಗಳು ಮೀಸಲಾಗಿವೆ. ಮನೆಯಲ್ಲಿ ನುಡಿಸುವವರ ಬಗ್ಗೆ ಬರೆಯುವವರೂ ವಿರಳ, ಬರೆಸುವವರೂ ವಿರಳ.

ನನ್ನ ಪರಿಚಯದ ಮಹಿಳೆಯೊಬ್ಬರು ಇಂಥದೇ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದು, ನಿಮ್ಮಂತೆಯೇ ಹೊರಬಂದರು. ಈಗ ಮಗ ಬಲಗೈಯ ಭಾಗ ನುಡಿಸುತ್ತಾನೆ, ಇವರು ಎಡಗೈಯದು. ಅವನು ಎಡವಿದಲ್ಲಿ ಇವರು ಕಾಯುತ್ತಾರೆ, ಎಣಿಕೆ ತಪ್ಪುತ್ತದೆ, ಇಬ್ಬರೂ ನಗುತ್ತಾರೆ, ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ತಂಡದಲ್ಲಿದ್ದಾಗ ತಾನು ತನ್ನ ಸರದಿಗಾಗಿ ಕಾಯುತ್ತಿದ್ದೆ, ಕೇಳಿಸಿಕೊಳ್ಳಲು ಕಲಿತದ್ದು ಈಗ ಎಂದು ಅವರು ನನಗೆ ಹೇಳಿದರು.

ಇಷ್ಟೆಲ್ಲ ನಿಮ್ಮ ಪರ ಹೇಳಿದ ಮೇಲೆ ಒಂದೆರಡು ಮಾತು ನಿಮ್ಮನ್ನು ಗದರಿಸಿಯೂ ಹೇಳಬೇಕು. ಹತ್ತಾರು ವರ್ಷ ಒಂದೇ ಕೋಣೆಯಲ್ಲಿ ಬೆವರಿದ ಗೆಳೆಯರಿಗೆ ವಾಟ್ಸ್ಯಾಪ್ ಸಂದೇಶದಲ್ಲಿ ವಿದಾಯ ಹೇಳಬಾರದಿತ್ತು. ಅವರು ಆಡಿದ ಕಟುಮಾತಿನಲ್ಲಿ ಅರ್ಧ ಆ ಸಂದೇಶಕ್ಕೆ ಬಂದ ಉತ್ತರ. ಅವರನ್ನು ಕಂಡು, ಎದುರು ಕುಳಿತು, ಏಕೆ ಬಿಟ್ಟೆನೆಂದು ಹೇಳಿ. ನಿಮ್ಮ ಜಾಗಕ್ಕೆ ಬರುವವರಿಗೆ ಹಾಡುಗಳ ಬೇಸ್ ಭಾಗಗಳನ್ನು ಕೂತು ಕಲಿಸಿಕೊಡಿ. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ‘ನಿಮಗಾಗಿ ಬ್ಯಾಂಡ್ ಬಿಟ್ಟೆ’ ಎಂಬ ವಾಕ್ಯ ಯಾವ ಸಿಟ್ಟಿನ ಗಳಿಗೆಯಲ್ಲೂ ನಿಮ್ಮ ಬಾಯಿಂದ ಹೊರಬೀಳಬಾರದು. ಅದು ಒಮ್ಮೆ ಹೊರಬಿದ್ದರೆ ನಿಮ್ಮ ಹೆಂಡತಿಗೂ ಮಗಳಿಗೂ ಆ ಗಿಟಾರ್ ಒಂದು ಸಾಲದಂತೆ ಕಾಣತೊಡಗುತ್ತದೆ. ಮಗಳನ್ನು ಶಿಷ್ಯೆಯನ್ನಾಗಿ ಮಾಡುವ ಅವಸರವೂ ಬೇಡ. ಅವಳು ಕೇಳಿದಾಗ ನುಡಿಸಿ, ತಂತಿಯ ಮೇಲೆ ಕೈಯಿಟ್ಟು ಸದ್ದು ಕೆಡಿಸಿದರೆ ಕೆಡಿಸಲಿ. ಅವಳು ಎದ್ದು ಆಟಕ್ಕೆ ಹೋದರೆ ನೀವು ನಿಮ್ಮ ಪಾಡಿಗೆ ಬಾಖ್ ಅಭ್ಯಾಸ ಮುಂದುವರಿಸಿ.

ಇನ್ನು ಆಂಪಿನ ವಿಷಯ. ಕಾರ್ಯಕ್ರಮಗಳಿಗೆಂದು ಕೊಂಡ ದೊಡ್ಡ ಆಂಪಿಗೆ ಮನೆಯಲ್ಲಿ ಕೆಲಸವಿಲ್ಲ. ಹೆಡ್‌ಫೋನ್ ಸಿಕ್ಕಿಸಬಹುದಾದ ಚಿಕ್ಕದೊಂದು ಸಾಕು, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೂ ನುಡಿಸಬಹುದು. ದೊಡ್ಡದನ್ನು ಮಾರುವ ಮೊದಲು, ತಂಡಕ್ಕೆ ಹೊಸದಾಗಿ ಬರುವವರಿಗೆ ಅದು ಬೇಕೇ ಎಂದು ನಿಮ್ಮ ಗೆಳೆಯರನ್ನು ಒಮ್ಮೆ ಕೇಳಿ.