ಗಾಣದ ಎಣ್ಣೆಯ ವೆಬ್‌ಸೈಟ್ ಮಾಡಿ ಮೂರು ತಿಂಗಳಾಯ್ತು, ಗೂಗಲ್‌ನಲ್ಲಿ ಯಾಕೆ ಮೇಲೆ ಬರ್ತಿಲ್ಲ?

ಹೊಸ ಸೈಟ್ ಆರು ತಿಂಗಳು ಕಾಯಲೇಬೇಕು ಅನ್ನೋ ನಿಯಮ ಯಾವುದೂ ಇಲ್ಲ ಸರ್. ಚಳ್ಳಕೆರೆಯಲ್ಲಿ ಗಾಣ ಇದೆ, ಅಂಗಡಿ ಹೆಸರು ಹಾಕಿ ಹುಡುಕಿದರೆ ಸೈಟ್ ಬರುತ್ತೆ, ‘ಗಾಣದ ಎಣ್ಣೆ’ ಅಂತ ಹುಡುಕಿದರೆ ನಾಲ್ಕೈದು ಪುಟ ಕೆಳಗೆ ಹೋದರೂ ಸಿಗಲ್ಲ ಅಂತ ಬರೆದಿದ್ದೀರಿ. ಸೈಟ್ ಮಾಡಿಕೊಟ್ಟವರು ‘ಗೂಗಲ್ ಹೊಸ ಸೈಟ್‌ಗಳನ್ನ ಆರು ತಿಂಗಳು ತಡೆದಿಡುತ್ತೆ, ಸುಮ್ನೆ ಕಾಯಿರಿ’ ಅಂದಿದ್ದಾರೆ. ನಾನು ದಾವಣಗೆರೆಯಲ್ಲಿ ಅಂಗಡಿ, ಕ್ಲಿನಿಕ್, ಕೋಚಿಂಗ್ ಸೆಂಟರ್‌ಗಳ ಸೈಟ್ ನೋಡಿಕೊಳ್ಳೋನು. ಈ ಆರು ತಿಂಗಳ ಮಾತು ನನಗೂ ಆಗಾಗ ಕೇಳಿಸುತ್ತೆ. ತಡ ಆಗೋದು ನಿಜ, ಆದರೆ ಸುಮ್ನೆ ಕಾದರೆ ಆರು ತಿಂಗಳಾದ ಮೇಲೂ ಈಗಿರೋ ಕಡೆನೇ ಇರ್ತೀರಿ.

ಮೊದಲು ಒಂದು ಚೆಕ್ ಮಾಡಿ. ಹೆಸರಿಗೆ ಸೈಟ್ ಬರ್ತಿದೆ ಅಂದರೆ ಮುಖಪುಟ ಗೂಗಲ್‌ನ ಇಂಡೆಕ್ಸ್‌ಗೆ, ಅಂದರೆ ಅದು ಹುಡುಕಿ ತೋರಿಸೋ ಪುಟಗಳ ಪಟ್ಟಿಗೆ ಸೇರಿದೆ ಅಂತ ಅರ್ಥ. ಒಳಗಿನ ಪುಟಗಳು ಸೇರಿವೆಯಾ? ಸೈಟ್ ಇಟ್ಟವರಿಗೆ ಅದರ ಸ್ಥಿತಿ ತೋರಿಸೋಕೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್ ಉಚಿತ, ಅದರಲ್ಲಿ ‘ಪೇಜಸ್’ ಅನ್ನೋ ವರದಿ ತೆಗೆಯಿರಿ. ‘ಡಿಸ್ಕವರ್ಡ್’ ಅಂತ ಶುರುವಾಗಿ ‘ನಾಟ್ ಇಂಡೆಕ್ಸ್ಡ್’ ಅಂತ ಮುಗಿಯೋ ಸಾಲಿನಲ್ಲಿರೋ ಪುಟಗಳ ವಿಳಾಸ ಗೂಗಲ್‌ಗೆ ಗೊತ್ತು, ಆದರೆ ಅದು ಇನ್ನೂ ಬಂದು ನೋಡಿಲ್ಲ. ‘ಕ್ರಾಲ್ಡ್’ ಅಂತ ಶುರುವಾದರೆ ಬಂದು ನೋಡಿದೆ, ಸದ್ಯಕ್ಕೆ ಸೇರಿಸಿಕೊಂಡಿಲ್ಲ. ಎರಡನೆಯದು ಜಾಸ್ತಿ ಇದ್ದರೆ ಬೇರೆ ಕಡೆಯಿಂದ ಎತ್ತಿ ಹಾಕಿದ ಬರಹ ಇದೆಯಾ ಅಂತ ನಾನು ಮೊದಲು ನೋಡ್ತೀನಿ. ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಸಾಫ್ಟ್‌ವೇರ್‌ನಲ್ಲಾಗಿದ್ದರೆ ಸೆಟ್ಟಿಂಗ್ಸ್ ಒಳಗೆ ‘ರೀಡಿಂಗ್’ನಲ್ಲಿ, ಸರ್ಚ್ ಇಂಜಿನ್‌ಗಳು ಬರೋದು ಬೇಡ ಅನ್ನೋ ಒಂದು ಟಿಕ್ ಇರುತ್ತೆ. ಸೈಟ್ ಕಟ್ಟುವಾಗ ಹಾಕಿದ್ದನ್ನ ಆಮೇಲೆ ತೆಗೆಯೋಕೆ ಮರೆತವರು ಬಹಳ ಜನ. ನಿಮ್ಮದರಲ್ಲಿ ಇರಲಾರದು, ಆದರೂ ಒಮ್ಮೆ ನೋಡಿ. ಇನ್ನು, ಹೊಸ ಪುಟವನ್ನ ಗೂಗಲ್ ಬಂದು ನೋಡೋಕೆ ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಅಂತ ಅವರೇ ಹೇಳ್ತಾರೆ. ಒಂದೇ ಪುಟಕ್ಕೆ ದಿನಾ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ (ಪುಟ ಸೇರಿಸಿಕೊಳ್ಳಿ ಅಂತ ಕೇಳೋ ಬಟನ್) ಒತ್ತಿದರೆ ಬೇಗ ಆಗಲ್ಲ.

ಇದೆಲ್ಲ ಸರಿ ಇದ್ದೂ ಮೇಲೆ ಬರದೇ ಇರೋದಕ್ಕೆ ಕಾರಣ ಬೇರೆ. ‘ಗಾಣದ ಎಣ್ಣೆ’ಗೆ ಮೊದಲ ಪುಟದಲ್ಲಿ ಇರೋದು ಹತ್ತೇ ಹತ್ತು ಜಾಗ. ಅಲ್ಲಿ ಅಮೆಜಾನ್ ಥರದವರು, ವರ್ಷಗಳಿಂದ ಮಾರ್ತಿರೋ ಕಂಪನಿಗಳು ಕೂತಿರ್ತಾರೆ. ಅವರಲ್ಲೊಬ್ಬರನ್ನ ಎಬ್ಬಿಸಿ ನಿಮ್ಮನ್ನ ಕೂರಿಸಬೇಕು ಅಂದರೆ ಗೂಗಲ್‌ಗೆ ಒಂದು ಆಧಾರ ಬೇಕು. ನಮ್ಮ ಮಂಡಿಪೇಟೆಯಲ್ಲಿ ಹೊಸಬರಿಗೆ ಉದ್ರಿ ಕೊಡೋಕೆ ಮುಂಚೆ ಸಾಹುಕಾರರು ‘ನಿಮ್ಮನ್ನ ಬಲ್ಲವರು ಯಾರು’ ಅಂತ ಕೇಳ್ತಾರಲ್ಲ, ಹಾಗೆ. ಬೇರೆ ಸೈಟ್‌ಗಳು ಕೊಡೋ ಲಿಂಕೇ ಆ ಬಲ್ಲವರ ಮಾತು. 1998ರಲ್ಲಿ ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಪುಟಗಳನ್ನ ಅಳೆಯೋಕೆ ಪೇಜ್‌ರ‍್ಯಾಂಕ್ ಕಟ್ಟಿದ್ದೇ ಇದರ ಮೇಲೆ. ಈಗ ಅಳತೆಗೋಲುಗಳು ಎಷ್ಟೋ ಸೇರಿಕೊಂಡಿವೆ, ಲಿಂಕ್ ಮಾತ್ರ ಹೋಗಿಲ್ಲ. ಮೂರು ತಿಂಗಳ ಸೈಟ್‌ಗೆ ಯಾರು ಲಿಂಕ್ ಕೊಟ್ಟಿರ್ತಾರೆ ಹೇಳಿ?

‘ತಡೆದಿಡುತ್ತೆ’ ಅನ್ನೋ ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. ‘ಸ್ಯಾಂಡ್‌ಬಾಕ್ಸ್’ ಅನ್ನೋ ಹೆಸರಲ್ಲಿ 2004ರಿಂದಲೂ ಇದು ಓಡಾಡ್ತಿದೆ, ಗೂಗಲ್‌ನವರು ಅಂಥದ್ದಿಲ್ಲ ಅಂತಲೇ ಬಂದಿದ್ದಾರೆ. 2024ರ ಮೇನಲ್ಲಿ ಅವರ ಒಳಗಿನ ದಾಖಲೆಗಳು ಸೋರಿಕೆಯಾದಾಗ ಸೈಟ್‌ನ ವಯಸ್ಸಿನ ಒಂದು ಅಂಶ ಅದರಲ್ಲಿ ಸಿಕ್ತು. ಆದರೆ ಅಲ್ಲಿ ಬರೆದಿದ್ದದ್ದು ಹೊಸ ಸ್ಪ್ಯಾಮನ್ನ ತಡೆಯೋದರ ಬಗ್ಗೆ. ನಿಮ್ಮ ಗಾಣಕ್ಕೂ ಅದಕ್ಕೂ ಸಂಬಂಧ ಇರಬೇಕಿಲ್ಲ.

ಎಷ್ಟು ದಿನ ಅಂತ ಕೇಳಿದ್ದೀರಿ. ಕೆಲಸ ಮಾಡಿದರೆ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಅಂತ 2017ರಲ್ಲಿ ಗೂಗಲ್‌ನ ಮೈಲಿ ಓಯೆ ಹೇಳಿದ್ದರು. ಅದೇ ವರ್ಷ ಅಹ್ರೆಫ್ಸ್ ಅನ್ನೋ, ಸರ್ಚ್ ಅಂಕಿಅಂಶ ಇಡೋ ಕಂಪನಿ ಲೆಕ್ಕ ಹಾಕಿದಾಗ, ಹೊಸ ಪುಟಗಳಲ್ಲಿ ವರ್ಷದೊಳಗೆ ಯಾವುದಾದರೂ ಒಂದು ಹುಡುಕಾಟಕ್ಕಾದರೂ ಮೊದಲ ಹತ್ತಕ್ಕೆ ಬಂದದ್ದು ಶೇ 5.7 ಮಾತ್ರ. ‘ಮೂವತ್ತು ದಿನದಲ್ಲಿ ಫಸ್ಟ್ ಪೇಜ್ ಗ್ಯಾರಂಟಿ’ ಅನ್ನೋರ ಫೋನ್ ಬಂದರೆ ಈ ಅಂಕಿ ನೆನಪಿರಲಿ. ಅವರು ಸಾವಿರಗಟ್ಟಲೆ ಲಿಂಕ್ ಮಾರ್ತಾರೆ. ಗೂಗಲ್‌ನ ರ್ಯಾಂಕಿಂಗ್‌ಗೆ 2012ರಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಂದದ್ದೇ ಅಂಥ ಲಿಂಕ್‌ಗಳ ಮೇಲೆ ಕತ್ತರಿ ಆಡಿಸೋಕೆ.

ಹಾಗಾದರೆ ಏನು ಮಾಡಬೇಕು? ‘ಗಾಣದ ಎಣ್ಣೆ’ ಅನ್ನೋ ದೊಡ್ಡ ಮಾತನ್ನ ಸದ್ಯಕ್ಕೆ ಬಿಡಿ. ನಿಮ್ಮ ಸೈಟ್‌ನಲ್ಲಿ ‘ನಾವು ಗುಣಮಟ್ಟಕ್ಕೆ ಹೆಸರಾದ ಸಂಸ್ಥೆ’ ಅನ್ನೋ ಥರದ ನಾಲ್ಕು ಸಾಲು ಇರಬಹುದು ಅಂತ ನನ್ನ ಅಂದಾಜು, ಎಲ್ಲರದ್ದರಲ್ಲೂ ಇರುತ್ತೆ. ಗಾಣದ ಮುಂದೆ ನಿಂತ ಗಿರಾಕಿ ಕೇಳೋದು ಬೇರೆ: ಒಂದು ಲೀಟರ್ ಎಣ್ಣೆಗೆ ಎಷ್ಟು ಕೆಜಿ ಶೇಂಗಾ ಬೀಜ ಬೇಕು, ನಮ್ಮ ಹೊಲದ ಬೀಜ ತಂದರೆ ಆಡಿಸಿಕೊಡ್ತೀರಾ, ಹಿಂಡಿ ಯಾರಿಗೆ ಸೇರುತ್ತೆ, ಎಣ್ಣೆ ಯಾಕೆ ಮಬ್ಬಾಗಿದೆ, ತಳದಲ್ಲಿ ಕೂತಿರೋ ಮಡ್ಡಿ ಕಲಬೆರಕೆಯಾ, ಎಷ್ಟು ದಿನ ಇಡಬಹುದು. ಪ್ರತಿಯೊಂದಕ್ಕೂ ಒಂದೊಂದು ಪುಟ ಬರೆಯಿರಿ, ನಿಮ್ಮ ಗಾಣದ್ದೇ ಫೋಟೊ ಹಾಕಿ. ಎಣ್ಣೆ ಗಿರಣಿಗಳಿಗೆ ಹೆಸರಾದ ಊರಲ್ಲಿ ಕೂತು ಬರೀತಿದ್ದೀರಿ, ಬೆಂಗಳೂರಲ್ಲಿ ಕೂತು ಟೈಪ್ ಮಾಡೋನಿಗೆ ಇದು ಗೊತ್ತಿರಲ್ಲ. ಕನ್ನಡದಲ್ಲೇ ಬರೆದರೆ ಪೈಪೋಟಿಯೂ ಕಡಿಮೆ.

ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ‘ಪರ್ಫಾರ್ಮೆನ್ಸ್’ ನೋಡ್ತಿರಿ. ಮೊದಲು ಅರವತ್ತು ಎಪ್ಪತ್ತನೇ ಸ್ಥಾನದಲ್ಲಿ ಒಂದಷ್ಟು ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಕಾಣಿಸಿದ ಲೆಕ್ಕ) ಬೀಳ್ತವೆ, ಕ್ಲಿಕ್ ಸೊನ್ನೆ ಇರುತ್ತೆ. ಬೇಜಾರು ಮಾಡ್ಕೋಬೇಡಿ, ಪುಟ ಯಾವ ಮಾತಿಗೆ ಹೊಂದುತ್ತೆ ಅಂತ ಗೂಗಲ್‌ಗೆ ಅಂದಾಜು ಸಿಕ್ಕಿದೆ ಅಂತಾಯ್ತು. ಆ ಪುಟಕ್ಕೇ ಇನ್ನೊಂದಿಷ್ಟು ಸೇರಿಸಿ. ನಿಮ್ಮ ಫೋನಲ್ಲೇ ಹುಡುಕಿ ಲೆಕ್ಕ ಹಾಕಬೇಡಿ, ನೀವಿರೋ ಜಾಗ, ಹಿಂದೆ ಹುಡುಕಿದ್ದು ನೋಡಿ ಫಲಿತಾಂಶ ಬದಲಾಗುತ್ತೆ.

ವ್ಯಾಪಾರ ಹೆಚ್ಚಾಗಿ ಚಳ್ಳಕೆರೆ, ಚಿತ್ರದುರ್ಗದ ಸುತ್ತಲೇ ಅಂದರೆ ನಾನಾದರೆ ಸೈಟ್‌ಗಿಂತ ಮುಂಚೆ ಗೂಗಲ್ ಮ್ಯಾಪ್‌ನ ಬಿಸಿನೆಸ್ ಪ್ರೊಫೈಲ್ ಸರಿ ಮಾಡ್ತಿದ್ದೆ. ಅಲ್ಲಿ ದೂರಕ್ಕೂ ಬೆಲೆ ಇದೆ, ಹಾಗಾಗಿ ಅಮೆಜಾನ್ ನಿಮಗೆ ಅಡ್ಡ ಬರಲ್ಲ. ಗಾಣ ತೆರೆದಿರೋ ಹೊತ್ತು, ಫೋನ್ ನಂಬರ್, ಬೋರ್ಡ್ ಕಾಣೋ ಹಾಗೆ ಫೋಟೊ ಹಾಕಿ, ಎಣ್ಣೆ ಒಯ್ಯೋರ ಹತ್ತಿರ ನಿಜವಾದ ರಿವ್ಯೂ ಬರೆಯೋಕೆ ಹೇಳಿ. ಸೈಟ್ ಮೇಲೆ ಬರೋದು ಬಂದಾಗ ಬರಲಿ, ಇದರಿಂದ ಫೋನ್ ಬೇಗ ಶುರುವಾಗುತ್ತೆ.