ಹೊಲದ ಬದುವಿಗೆ ‘ಪ್ರದೇಶ’ ಅನ್ನಬೇಡಿ

ಪ್ರಿಯರೇ,

ಬೈಲಹೊಂಗಲ ಕಡೆಯ ಅಣ್ಣತಮ್ಮಂದಿರ ಹೊಲದ ಜಗಳದ ಮೇಲೆ ನೀವು ಕಳಿಸಿದ ಕಥೆ ಓದಿದೆ. ಚೆನ್ನಾಗಿದೆ. ತಾಯಿಯ ಪಾತ್ರ ಮನಸ್ಸಿನಲ್ಲಿ ಉಳಿಯಿತು. ಆದರೆ ಒಂದು ಪದ ನನ್ನನ್ನು ಎರಡು ದಿನ ಬಿಡಲಿಲ್ಲ: ‘ಪ್ರದೇಶ’. ಎಣಿಸಿದೆ, 11 ಸಲ ಬಂದಿದೆ. ತಲೆಯಲ್ಲಿ ‘ಟೆರಿಟರಿ’ ಇಟ್ಟುಕೊಂಡು, ನಿಘಂಟಿನಲ್ಲಿ ಮೊದಲು ಸಿಕ್ಕಿದ್ದನ್ನು ಎಲ್ಲ ಕಡೆ ಹಾಕಿದ್ದೀರಿ. ಇಂಗ್ಲಿಷಿನ ಆ ಪದ ದೇಶಕ್ಕೂ ಆಗುತ್ತದೆ, ನಾಯಿಗೂ ಆಗುತ್ತದೆ. ನಮ್ಮಲ್ಲಿ ಹಾಗಲ್ಲ. ಆ ನೆಲದ ಮೇಲೆ ಯಾರು ನಿಂತಿದ್ದಾರೆ ಅನ್ನುವುದನ್ನು ನೋಡಿ ಪದ ಬದಲಾಗುತ್ತದೆ.

‘ನನ್ನ ಪ್ರದೇಶದೊಳಗೆ ಕಾಲಿಡಬೇಡ’ ಎಂದು ಅಣ್ಣ ಕೂಗುತ್ತಾನೆ. ಯಾವ ರೈತ ಹೀಗೆ ಕೂಗುತ್ತಾನೆ? ‘ಬದು ದಾಟಿ ಬಂದೀ ಅಂದ್ರ ನೋಡು’ ಅನ್ನುತ್ತಾನೆ. ಜಗಳ ಇರುವುದೇ ಆ ಮೊಳ ಅಗಲದ ಬದುವಿನ ಮೇಲೆ, ಅಲ್ವಾ? ವರ್ಷ ವರ್ಷ ರಂಟೆ ಹೊಡೆಯುವಾಗ ಒಂದೊಂದು ಗೇಣು ಸರಿಯುವ ಬದು. ನಿಮ್ಮ ಕಥೆಯಲ್ಲಿ ಅದು ಕಾಣುವುದೇ ಇಲ್ಲ.

‘ಪ್ರದೇಶವನ್ನು ಗುರುತಿಸಲು ಅಧಿಕಾರಿಗಳು ಬಂದರು.’ ಅದು ಹದ್ದುಬಸ್ತು. ಹದ್ದು ಅಂದರೆ ಮೇರೆ. ಅರಬ್ಬಿಯಿಂದ ಬಂದ ಪದ, ಈಗ ರೈತರ ಬಾಯಿಮಾತು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಕಾದ ಮೇಲೆ ಸರ್ವೇಯರ್ ಬರುತ್ತಾರೆ. ಮುಳ್ಳುಕಂಟಿ ಸರಿಸಿ, ಮೇರೆಗೆ ಗುರುತಾಗಿ ನೆಟ್ಟ ಬಾಂದುಕಲ್ಲು ಹುಡುಕುತ್ತಾರೆ. ಇಷ್ಟು ಬರೆದಿದ್ದರೆ ಸಾಕಿತ್ತು.

ನಾಯಿಗೆ ಓಣಿ ಸಾಕು. ಔಷಧ ಮಾರುವ ಅಳಿಯನಿಗೆ ‘ಏರಿಯಾ’. ಪೊಲೀಸರಿಗೆ ಠಾಣೆಯ ‘ವ್ಯಾಪ್ತಿ’. 2019ರಲ್ಲಿ ಲಡಾಖ್ ಕೇಂದ್ರಾಡಳಿತ ಪ್ರದೇಶ ಆಯಿತಲ್ಲ, ‘ಪ್ರದೇಶ’ ಸರಿಯಾಗಿ ಕೂರುವುದು ಅಂಥಲ್ಲಿ.

ಇನ್ನೊಂದು ಸಾಲು ನನಗೆ ನಿಜಕ್ಕೂ ನೋವು ಕೊಟ್ಟಿತು: ‘ಅಣ್ಣತಮ್ಮಂದಿರ ಗಡಿ ವಿವಾದ’. ಬೆಳಗಾವಿ ಜಿಲ್ಲೆಯ ಕಥೆಯಲ್ಲಿ ಈ ಮಾತು ಸುಮ್ನೆ ಬರುವಂಥದ್ದಲ್ಲ. 1956ರಲ್ಲಿ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು. ಮಹಾರಾಷ್ಟ್ರದ ಜೊತೆಗಿನ ಗಡಿ ಜಗಳದ ಮೇಲೆ 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಗಲಾಟೆ ಜೋರಾದರೆ ಇವತ್ತಿಗೂ ಮಹಾರಾಷ್ಟ್ರದ ಕಡೆಯ ಬಸ್ಸುಗಳು ನಿಲ್ಲುತ್ತವೆ. ಇಲ್ಲಿಯ ಓದುಗರು ‘ಗಡಿ’ ಅಂದ ಕೂಡಲೇ ಅದನ್ನೇ ನೆನೆಯುತ್ತಾರೆ, ನಿಮ್ಮ ಅಣ್ಣತಮ್ಮಂದಿರನ್ನಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುತ್ತಿದ್ದಾಗ ಮೊದಲ ಲೇಖನ ಬರೆದೆ. ‘ಸವದತ್ತಿಯ ರಟ್ಟರು ಕೂಂಡಿ ಮೂರುಸಾವಿರ ಎಂಬ ಭೂಪ್ರದೇಶವನ್ನು ಆಳಿದರು’ ಅಂತ ಶುರು. ಸಂಪಾದಕರು ‘ಭೂಪ್ರದೇಶ’ಕ್ಕೆ ಕೆಂಪು ಸುತ್ತು ಹಾಕಿದರು. ‘ತಮ್ಮಾ, ಸವದತ್ತಿ ಸಂತ್ಯಾಗ ನಿಂತು ಇದನ್ನ ಗಟ್ಟಿಯಾಗಿ ಓದು. ಯಾರರೆ ತಿರುಗಿ ನೋಡ್ತಾರೇನು?’ ಅಂದರು. ಪಕ್ಕದಲ್ಲಿ ‘ನಾಡು’ ಎಂದು ಬರೆದರು. ಎರಡೇ ಅಕ್ಷರ. ಅವತ್ತು ಸಿಟ್ಟು ಬಂದಿತ್ತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಕಥೆ ವಾಪಸ್ ಕಳಿಸುತ್ತಿದ್ದೇನೆ. ಇಂಥ ಜಗಳ ನಡೆದಿರುವ ಒಂದು ಹೊಲಕ್ಕೆ ಹೋಗಿ. ಬಾಂದುಕಲ್ಲು ಎಲ್ಲಿತ್ತು ಅಂತ ಅಣ್ಣನನ್ನೂ ತಮ್ಮನನ್ನೂ ಬೇರೆ ಬೇರೆ ಕೇಳಿ. ಆಮೇಲೆ ಬರೆದು ಕಳಿಸಿ, ಕಾಯುತ್ತೇನೆ.